ಕಾಣದ ಕಂಠದ ವಯಸ್ಸು

ಗುರುತಿಲ್ಲದ ನಂಬರಿನಿಂದ ಫೋನು ಬಂದಿದೆ ಅಂದುಕೊಳ್ಳಿ. ಎತ್ತಿದ ಕೂಡಲೇ ಆ ಕಡೆಯ ದನಿ ‘ಹಲೋ, ಮಂಜಣ್ಣ ಇದಾರಾ?’ ಅನ್ನುತ್ತದೆ. ಮಂಜಣ್ಣ ಯಾರೋ ನಿಮಗೆ ಗೊತ್ತಿಲ್ಲ; ರಾಂಗ್ ನಂಬರ್ ಎಂದು ಹೇಳಿ ಇಟ್ಟರಾಯಿತು. ಆದರೆ ಕನ್ನಡದಲ್ಲಿ ಅಷ್ಟನ್ನು ಹೇಳುವುದಕ್ಕೂ ಮೊದಲು ಒಂದು ತೀರ್ಮಾನ ಆಗಬೇಕು. ‘ಇಲ್ಲಪ್ಪಾ, ಇದು ಬೇರೆ ನಂಬರು’ ಎನ್ನಬೇಕೋ, ‘ಇಲ್ಲಮ್ಮಾ’ ಎನ್ನಬೇಕೋ, ‘ಇಲ್ಲ ಯಜಮಾನ್ರೇ’ ಎನ್ನಬೇಕೋ, ಧಾರವಾಡದ ಕಡೆಯವರಾದರೆ ‘ಇಲ್ರೀ ಅಜ್ಜಾರ’ ಎನ್ನಬೇಕೋ? ಇಷ್ಟು ಸಣ್ಣ ಮಾತಿಗೊಂದು ಬಾಲ ಹಚ್ಚಬೇಕಾದರೂ ಆ ಕಡೆ ಇರುವವರು ಹುಡುಗನೋ ಮುದುಕರೋ ಎಂಬುದು ಇತ್ಯರ್ಥವಾಗಿರಬೇಕು. ಇತ್ಯರ್ಥವಾಗಿಯೂ ಇರುತ್ತದೆ, ನಮಗೇ ತಿಳಿಯದಂತೆ, ಆ ‘ಹಲೋ’ ಮುಗಿಯುವುದರೊಳಗೆ. ಇಂಗ್ಲಿಷಿನವರಿಗೆ ಈ ಕಷ್ಟವಿಲ್ಲ. ಅವರ ‘ಯೂ’ ಎಲ್ಲ ವಯಸ್ಸಿಗೂ ಹೊಂದುವ ಒಂದೇ ಅಳತೆಯ ಅಂಗಿ. ನಮ್ಮ ಭಾಷೆಯಾದರೋ ಕಾಣದವರ ವಯಸ್ಸನ್ನು ಕಿವಿಯಿಂದಲೇ ಅಳೆದು ತಾ ಎಂದು ದಿನವೂ ಪೀಡಿಸುತ್ತದೆ. ಈ ಅಳತೆಯನ್ನು ಎಷ್ಟು ನಂಬಬಹುದು? ಅದರಲ್ಲೂ ಮಾತಾಡುವವರು ಬೇರೆ ಜನಾಂಗದವರು, ಬೇರೆ ಧಾಟಿಯವರು ಆದಾಗ ಕೈಯಲ್ಲಿರುವ ಅಳತೆಗೋಲು ಏನಾಗುತ್ತದೆ? ದನಿಯ ವಯಸ್ಸಿನಲ್ಲಿ ಒಂದು ಪಾಲು ಮೈಯದು, ಇನ್ನೊಂದು ಪಾಲು ರೂಢಿಯದು. ಮೈಯ ಪಾಲು ಎಲ್ಲ ಜನಾಂಗಕ್ಕೂ ಹೆಚ್ಚುಕಡಿಮೆ ಒಂದೇ, ರೂಢಿಯ ಪಾಲು ಮಾತ್ರ ಊರೂರಿಗೆ ಬೇರೆ. ಹೊರಗಿನವರ ವಯಸ್ಸನ್ನು ನಾವು ತಪ್ಪಾಗಿ ಕೇಳಿಸಿಕೊಂಡರೆ ಆ ತಪ್ಪು ಅವರ ಗಂಟಲಿನದಲ್ಲ, ನಮ್ಮ ಕಿವಿಯ ರೂಢಿಯದು. ನಾನು ಇವತ್ತು ಹೇಳಹೊರಟಿರುವುದು ಇದನ್ನು.

ರೇಡಿಯೊಗೂ ಈ ಪ್ರಶ್ನೆಗೂ ಹಳೆಯ ನಂಟು. 1927ರಲ್ಲಿ ಮ್ಯಾಂಚೆಸ್ಟರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಟಿ. ಎಚ್. ಪಿಯರ್ ಬಿಬಿಸಿಯ ನೆರವಿನಿಂದ ಒಂಬತ್ತು ಜನರನ್ನು ಮೈಕಿನ ಮುಂದೆ ಕೂರಿಸಿ ಗದ್ಯ ಓದಿಸಿದರು. ಓದಿದವರಲ್ಲಿ ಪಾದ್ರಿ ಇದ್ದರು, ನ್ಯಾಯಾಧೀಶರಿದ್ದರು, ಪೊಲೀಸಿನವರಿದ್ದರು, ನಟರಿದ್ದರು, ಶಾಲೆಗೆ ಹೋಗುವ ಒಬ್ಬ ಹುಡುಗಿಯೂ ಇದ್ದಳು. ಇವರು ಗಂಡೋ ಹೆಣ್ಣೋ, ವಯಸ್ಸೆಷ್ಟು, ಕಸುಬೇನು ಎಂದು ಬರೆದು ಕಳಿಸಿರಿ ಎಂದು ಕೇಳುಗರನ್ನು ಕೇಳಿದರು. ನಾಲ್ಕು ಸಾವಿರಕ್ಕೂ ಹೆಚ್ಚು ಉತ್ತರಗಳು ಬಂದವು. ಕೆಲವು ವರ್ಷಗಳ ನಂತರ ವಿಯೆನ್ನಾದಲ್ಲಿ ಹೆರ್ಟಾ ಹೆರ್ಟ್ಸೋಗ್ ಎಂಬ ಸಂಶೋಧಕಿ ಅಲ್ಲಿನ ಬಾನುಲಿಯಲ್ಲಿ ಇಂಥದೇ ಪರೀಕ್ಷೆ ನಡೆಸಿದರು. 1934ರಲ್ಲಿ ಹಾರ್ವರ್ಡಿನ ಗಾರ್ಡನ್ ಆಲ್‌ಪೋರ್ಟ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಇದೇ ದಾರಿಯಲ್ಲಿ ಹೋಗಿ ಒಂದು ವಿಚಿತ್ರವನ್ನು ಕಂಡರು. ಕೇಳುಗರು ಒಬ್ಬರಿಗೊಬ್ಬರು ಒಪ್ಪುವಷ್ಟು ಮಟ್ಟಿಗೆ ನಿಜವನ್ನು ಒಪ್ಪುತ್ತಿರಲಿಲ್ಲ. ಅಂದರೆ ‘ಈ ದನಿಯವನು ಇಂಥವನೇ’ ಎಂದು ಊರೆಲ್ಲ ಒಂದೇ ಬಾಯಲ್ಲಿ ಹೇಳುತ್ತದೆ. ಆ ಮನುಷ್ಯ ಮಾತ್ರ ಬೇರೆಯೇ ಆಗಿರುತ್ತಾನೆ. ಒಮ್ಮತ ಒಂದು, ನಿಖರತೆ ಇನ್ನೊಂದು. ನಮ್ಮಲ್ಲಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರೂ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರೇ. ಕಾಣದ ದನಿ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬ ಕುತೂಹಲಕ್ಕೂ ಬಾನುಲಿಗೂ ಮೊದಲಿನಿಂದಲೇ ಒಳದಾರಿ ಇದೆ ಅನ್ನಿಸುತ್ತದೆ.

ಎರಡನೆಯ ಮಹಾಯುದ್ಧದ ನಂತರ ಪರೀಕ್ಷೆಗಳು ಪ್ರಯೋಗಶಾಲೆಗೆ ಬಂದವು, ಅಂಕಿಗಳೂ ಬಂದವು. 1966ರಲ್ಲಿ ಟಾಸೆಕ್ ಮತ್ತು ಸ್ಯಾಂಡರ್ ಎಂಬ ಅಮೆರಿಕದ ಸಂಶೋಧಕರು 35ಕ್ಕಿಂತ ಚಿಕ್ಕವರ ಮತ್ತು 65 ದಾಟಿದವರ ದನಿಗಳನ್ನು ಕೇಳಿಸಿ, ಇದು ಎಳೆಯದೋ ಹಳೆಯದೋ ಹೇಳಿ ಎಂದರು. ಮಾಮೂಲಾಗಿ ಓದಿದ್ದನ್ನು ಕೇಳಿಸಿದಾಗ ನೂರಕ್ಕೆ 99 ಉತ್ತರ ಸರಿ. ಅದೇ ಓದನ್ನು ಹಿಂದುಮುಂದಾಗಿ ಓಡಿಸಿದಾಗ 87. ಬರೀ ಒಂದು ಸ್ವರವನ್ನು ಎಳೆದು ಹಿಡಿದದ್ದನ್ನು ಕೇಳಿಸಿದಾಗ 78. ಸಾಮಾನ್ಯವಾಗಿ ಇದನ್ನು ಉದ್ಧರಿಸುವವರು ಮೊದಲ ಅಂಕಿಯನ್ನು ಹಿಡಿದು ಹಿಗ್ಗುತ್ತಾರೆ. ನನಗೆ ಮೂರು ಅಂಕಿಗಳ ನಡುವಿನ ಇಳಿಜಾರೇ ಮುಖ್ಯ. ಹಿಂದುಮುಂದಾದ ಮಾತು ಎಂದರೆ ಲೋಕದಲ್ಲಿ ಯಾರೂ ಆಡದ ಭಾಷೆ. ಅದರಲ್ಲಿ ಪದವಿಲ್ಲ, ಅರ್ಥವಿಲ್ಲ, ಯಾವ ಊರಿನ ರಾಗವೂ ಇಲ್ಲ. ಆದರೂ ವಯಸ್ಸು ಬಹುಪಾಲು ಉಳಿಯಿತು. ಎಳೆದ ಸ್ವರದಲ್ಲಿ ಮಾತಿನ ವೇಗವೂ ಇಲ್ಲ, ನಿಲುಗಡೆಯೂ ಇಲ್ಲ. ಇರುವುದು ಗಂಟಲು ಮತ್ತು ಉಸಿರು ಮಾತ್ರ. ಆಗಲೂ ಕಿವಿ ಪೂರ್ತಿ ಕುರುಡಾಗಲಿಲ್ಲ. 99ರಿಂದ 78ಕ್ಕೆ ಬೀಳುವಾಗ ಕಳೆದುಹೋದದ್ದರಲ್ಲಿ ರೂಢಿಯ ಪಾಲು ದೊಡ್ಡದು, 78ರಲ್ಲಿ ಉಳಿದದ್ದು ಮೈಯ ಪಾಲು ಎಂದು ಓದುವುದು ತಪ್ಪಾಗಲಾರದು. ಇಲ್ಲಿ ಒಂದು ಎಚ್ಚರ ಬೇಕು. ಈ ಪರೀಕ್ಷೆಯಲ್ಲಿ ಎರಡೇ ಗುಂಪು, ನಡುವೆ ಮೂವತ್ತು ವರ್ಷಗಳ ಕಂದಕ. ಎಳೆಗಾಯಿಗೂ ಒಣಕೊಬ್ಬರಿಗೂ ವ್ಯತ್ಯಾಸ ಹೇಳಿದ ಮಾತ್ರಕ್ಕೆ ಕಾಯಿ ಎಷ್ಟು ತಿಂಗಳದ್ದು ಎಂದು ಹೇಳಬಲ್ಲರು ಎಂದಾಗುವುದಿಲ್ಲ. ವಯಸ್ಸನ್ನು ವರ್ಷಗಳಲ್ಲೇ ಹೇಳಿ ಎಂದಾಗ ಅಂದಾಜು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನಲ್ಲಿ ಹಿಂದೆಮುಂದೆ ಆಗುತ್ತದೆ. 1969ರಲ್ಲಿ ಶಿಪ್ ಮತ್ತು ಹಾಲಿಯನ್ ಗಂಡಸರ ದನಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ನಿಜವಾದ ವಯಸ್ಸಿಗೂ ಕೇಳುಗರು ಹೇಳಿದ ವಯಸ್ಸಿಗೂ 0.88ರಷ್ಟು ಹೊಂದಿಕೆ ಕಂಡಿತು. ಒಂದು ಎಂದರೆ ಪೂರ್ಣ ಹೊಂದಿಕೆಯಾದ್ದರಿಂದ ಇದು ಬಲವಾದದ್ದೇ. ಆದರೆ ಈ ಹೊಂದಿಕೆ ಯಾರು ಹಿರಿಯರು, ಯಾರು ಕಿರಿಯರು ಎಂಬ ಸಾಲನ್ನು ಮಾತ್ರ ಸರಿಯಾಗಿ ಜೋಡಿಸುತ್ತದೆ. ಒಬ್ಬೊಬ್ಬರಿಗೂ ಕೊಟ್ಟ ಅಂಕಿ ಸರಿಯೆಂದು ಅದು ಹೇಳುವುದಿಲ್ಲ.

ಮೈಯ ಪಾಲು ಎಂದರೆ ಏನು? ಹುಡುಗನಿಗೆ ದನಿ ಒಡೆಯುವಾಗ ಧ್ವನಿಪೆಟ್ಟಿಗೆ ದೊಡ್ಡದಾಗಿ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗಿ, ಶ್ರುತಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ನಡುವಯಸ್ಸು ಕಳೆದ ಮೇಲೆ ಧ್ವನಿಪೆಟ್ಟಿಗೆಯ ಮೆತ್ತನೆಯ ಎಲುಬುಗಳು ಗಟ್ಟಿಯಾಗುತ್ತ ಬರುತ್ತವೆ; ತಂತುಗಳು ತೆಳುವಾಗಿ ಸೊರಗಿ, ಒಂದನ್ನೊಂದು ಪೂರ್ತಿ ಮುಚ್ಚಿಕೊಳ್ಳದೆ ನಡುವೆ ಗಾಳಿ ಸೋರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಶ್ರುತಿ ತಗ್ಗುತ್ತದೆ. ಗಂಡಸರಲ್ಲಿ ಇಳಿವಯಸ್ಸಿಗೆ ಬರುವಾಗ ಶ್ರುತಿ ಮತ್ತೆ ಮೇಲೇರುತ್ತದೆ. ಶ್ವಾಸಕೋಶದ ಬಲ ಕುಗ್ಗಿ ವಾಕ್ಯದ ಮಧ್ಯೆ ಉಸಿರು ಸಾಲದಾಗುತ್ತದೆ, ದನಿಯಲ್ಲಿ ನಡುಕ, ಗರಗರ ಸೇರುತ್ತವೆ. ಮನುಷ್ಯನಾಗಿ ಹುಟ್ಟಿದವರಿಗೆಲ್ಲ ಇದು ಬರುವಂಥದ್ದೇ. ಆದರೆ ಮೈ ಕೂಡ ಪಂಚಾಂಗ ನೋಡಿಕೊಂಡು ಮುದಿಯಾಗುವುದಿಲ್ಲ. 1983ರಲ್ಲಿ ರಾಮಿಗ್ ಮತ್ತು ರಿಂಗೆಲ್ 48 ಗಂಡಸರ ದನಿಗಳನ್ನು ಅಳೆದಾಗ, ಮೈ ಗಟ್ಟಿಮುಟ್ಟಾಗಿದ್ದವರ ದನಿ ಅದೇ ವಯಸ್ಸಿನ ದುರ್ಬಲರ ದನಿಗಿಂತ ಸ್ಥಿರವಾಗಿದ್ದದ್ದು ಕಂಡಿತು. ಬೀಡಿ ಸಿಗರೇಟು ಸೇದುವವರ ದನಿ ಒರಟಾಗಿ ವಯಸ್ಸನ್ನು ಮುಂದಕ್ಕೆ ತಳ್ಳುತ್ತದೆ. ಗಂಗೂಬಾಯಿ ಹಾನಗಲ್ಲರ ಎಳೆಯ ದನಿಯ ಹಳೆಯ ಮುದ್ರಿಕೆಗಳನ್ನೂ, ಗಂಟಲಿನ ಚಿಕಿತ್ಸೆಯಾದ ಮೇಲೆ ಗಂಡುದನಿಯಷ್ಟು ತಗ್ಗಿ ಗಂಭೀರವಾದ ಮುದ್ರಿಕೆಗಳನ್ನೂ ಅಕ್ಕಪಕ್ಕ ಇಟ್ಟರೆ ಇಬ್ಬರು ಗಾಯಕಿಯರು ಎಂದೇ ಅಪರಿಚಿತರು ತಿಳಿದಾರು. ಕಂಠ ಹೇಳುವುದು ತಾನು ಎಷ್ಟು ಸವೆದಿದ್ದೇನೆ ಎಂಬುದನ್ನು. ಅದನ್ನು ನಾವು ವರ್ಷವಾಗಿ ಅನುವಾದಿಸಿಕೊಳ್ಳುತ್ತೇವೆ.

ರೂಢಿಯ ಪಾಲು ಇದಕ್ಕಿಂತ ಸ್ವಾರಸ್ಯಕರ. ಆಸ್ಟ್ರೇಲಿಯಾದಲ್ಲಿ 1945ರಲ್ಲಿ ಮುದ್ರಿಸಿದ ತರುಣಿಯರ ದನಿಗಳನ್ನು 1993ರ ತರುಣಿಯರ ದನಿಗಳೊಂದಿಗೆ ಹೋಲಿಸಿದಾಗ ಸರಾಸರಿ ಶ್ರುತಿ 229 ಹರ್ಟ್ಸ್‌ನಿಂದ 206ಕ್ಕೆ ಇಳಿದಿತ್ತು. ಐವತ್ತು ವರ್ಷದಲ್ಲಿ ಹೆಂಗಸರ ಗಂಟಲು ಬೇರೆ ಪ್ರಾಣಿಯ ಗಂಟಲಾಗುವುದಿಲ್ಲ. ಹೆಣ್ಣು ಹೇಗೆ ಮಾತಾಡಿದರೆ ಚೆನ್ನ ಎಂಬ ಎಣಿಕೆ ಬದಲಾಯಿತು, ಅಷ್ಟೆ. 1995ರಲ್ಲಿ ರೆನೆ ವಾನ್ ಬೆಜೂಯೆನ್ ಜಪಾನಿನ ಹೆಂಗಸರನ್ನೂ ಡಚ್ ಹೆಂಗಸರನ್ನೂ ಹೋಲಿಸಿ, ಜಪಾನಿನವರು ಶ್ರುತಿಯನ್ನು ಮೇಲಿಟ್ಟು ಮಾತಾಡುವುದಕ್ಕೆ ಅಲ್ಲಿ ಹೆಣ್ತನದ ಬಗ್ಗೆ ಇರುವ ನಿರೀಕ್ಷೆಯೇ ಕಾರಣವೆಂದು ತೋರಿಸಿದರು. ಮೇಲಿನ ಶ್ರುತಿಯನ್ನು ಎಳೆತನದ ಗುರುತೆಂದು ಕಲಿತ ಡಚ್ ಕಿವಿಗೆ ಟೋಕಿಯೊದ ನಡುವಯಸ್ಸಿನ ಹೆಂಗಸು ತರುಣಿಯಂತೆ ಕೇಳಿಸಿದರೆ ಅದರಲ್ಲಿ ಆಶ್ಚರ್ಯವೇನು? ಇನ್ನೂ ಚೋದ್ಯದ ಉದಾಹರಣೆ ವಾಕ್ಯದ ಕೊನೆಯಲ್ಲಿ ದನಿಯನ್ನು ಕೆಳಗಿಳಿಸಿ ಕಿರ್ರೆನಿಸುವ ಮಾತು. ಮುದುಕರ ಗಂಟಲಿನ ಲಕ್ಷಣವಾಗಿದ್ದ ಈ ಗರಗರ ಕಳೆದೆರಡು ಮೂರು ದಶಕಗಳಲ್ಲಿ ಅಮೆರಿಕದ ಕಾಲೇಜು ಹುಡುಗಿಯರ ಶೈಲಿಯಾಗಿಬಿಟ್ಟಿದೆ. ಒಂದೇ ಸದ್ದು ಒಂದು ಕಡೆ ಎಂಬತ್ತರ ಗುರುತು, ಇನ್ನೊಂದು ಕಡೆ ಇಪ್ಪತ್ತರ ಗುರುತು. ಮಾತಿನ ವೇಗವೂ ಹೀಗೆಯೇ. ನಿಧಾನವಾಗಿ ಮಾತಾಡುವವರನ್ನು ಹಿರಿಯರೆಂದು ಕೇಳುಗರು ಊಹಿಸುತ್ತಾರೆ ಎಂಬುದು ಮತ್ತೆ ಮತ್ತೆ ಸಾಬೀತಾಗಿದೆ. ಆದರೆ ನಿಧಾನವೇ ಸಭ್ಯತೆಯಾಗಿರುವ ಸಮುದಾಯದಲ್ಲಿ ಹದಿಹರೆಯದವರೂ ನಿಧಾನವಾಗಿಯೇ ಮಾತಾಡುತ್ತಾರೆ. ಮೈ ಮತ್ತು ರೂಢಿ ಒಂದೇ ಗಂಟಲಿನಲ್ಲಿ ಎದುರುಬದುರು ನಡೆಯುವುದನ್ನು ಕಾಣಬೇಕಾದರೆ ಎರಡನೆಯ ಎಲಿಜಬೆತ್ ರಾಣಿಯ ಕ್ರಿಸ್ಮಸ್ ಭಾಷಣಗಳಿವೆ. ಜೋನಥನ್ ಹ್ಯಾರಿಂಗ್ಟನ್ ಮತ್ತು ಸಂಗಡಿಗರು 1950ರ ದಶಕದಿಂದ 1980ರ ದಶಕದವರೆಗಿನ ಆ ಭಾಷಣಗಳ ಸ್ವರಗಳನ್ನು ಅಳೆದು 2000ದಲ್ಲಿ ಪ್ರಕಟಿಸಿದರು. ವಯಸ್ಸಾದಂತೆ ರಾಣಿಯ ಶ್ರುತಿ ತಗ್ಗಿತು. ಉಚ್ಚಾರಣೆ ಮಾತ್ರ ತನಗಿಂತ ಕಿರಿಯರಾದ ದಕ್ಷಿಣ ಇಂಗ್ಲೆಂಡಿನ ಪ್ರಜೆಗಳ ಉಚ್ಚಾರಣೆಯ ಕಡೆಗೆ ಸರಿಯಿತು. ಗಂಟಲು ಮುದಿಯಾಗುತ್ತಿರುವಾಗಲೇ ಮಾತು ಹರೆಯಕ್ಕೆ ಹತ್ತಿರವಾಯಿತು.

ಇಷ್ಟು ಹೇಳಿದ ಮೇಲೆ ಜನಾಂಗದ ಪ್ರಶ್ನೆಗೆ ಬರಬಹುದು. ಮೊದಲ ಆಕ್ಷೇಪಣೆ ಹೀಗಿರುತ್ತದೆ: ಜನಾಂಗಗಳ ಮೈಕಟ್ಟೇ ಬೇರೆ, ಬಾಯಿ ಗಂಟಲುಗಳ ಅಳತೆ ಬೇರೆ, ಆದ್ದರಿಂದ ದನಿಯೂ ಬೇರೆ, ರೂಢಿಯನ್ನೇಕೆ ದೂರುತ್ತೀರಿ? ಇದಕ್ಕೆ ನೇರವಾದ ಪರೀಕ್ಷೆಯೊಂದಿದೆ. 1994ರಲ್ಲಿ ವಾಲ್ಟನ್ ಮತ್ತು ಆರ್ಲಿಕಾಫ್ 50 ಮಂದಿ ಆಫ್ರಿಕನ್ ಅಮೆರಿಕನ್ ಗಂಡಸರ ಮತ್ತು 50 ಮಂದಿ ಬಿಳಿಯ ಗಂಡಸರ ‘ಆ’ ಎಂಬ ಎಳೆದ ಸ್ವರವನ್ನು ಮಾತ್ರ ಕೇಳಿಸಿ ಯಾರು ಯಾವ ಜನಾಂಗ ಎಂದು ಕೇಳಿದರು. ನೂರಕ್ಕೆ 60 ಸರಿ ಬಂತು. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ 50 ಬರುತ್ತದೆ. ಹತ್ತು ಹೆಚ್ಚು ಬಂದದ್ದರಲ್ಲಿ ಏನೋ ಇದೆ, ಅಲ್ಲಗಳೆಯಲಾಗದು. ಆದರೆ ಅದು ಬಹಳ ತೆಳು. ಇದರ ಪಕ್ಕದಲ್ಲಿ 1999ರ ಇನ್ನೊಂದು ಅಧ್ಯಯನವನ್ನು ಇಟ್ಟು ನೋಡಿ. ಜಾನ್ ಬಾ ಎಂಬ ಭಾಷಾವಿಜ್ಞಾನಿ ಮತ್ತು ಅವರ ಜೊತೆಗಾರರು ಸಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಬಾಡಿಗೆ ಮನೆ ಕೇಳಿ ಮೂರು ಬೇರೆ ಬೇರೆ ಧಾಟಿಯ ಇಂಗ್ಲಿಷಿನಲ್ಲಿ ಫೋನು ಮಾಡಿದಾಗ ಮನೆಯೊಡೆಯರ ಉತ್ತರ ಧಾಟಿಗೆ ತಕ್ಕಂತೆ ಬದಲಾಗುತ್ತಿತ್ತು. ಬರೀ ‘ಹಲೋ’ ಎಂಬ ಒಂದು ಮಾತಿನಿಂದಲೇ ಕೇಳುಗರು ನೂರಕ್ಕೆ 70ಕ್ಕಿಂತ ಹೆಚ್ಚು ಸಲ ಧಾಟಿಯನ್ನು ಗುರುತಿಸಿದರು. ಇಲ್ಲಿ ಗಮನಿಸಬೇಕಾದದ್ದು, ಆ ಮೂರು ಧಾಟಿಗಳನ್ನೂ ಆಡಿದ್ದು ಒಬ್ಬರೇ. ಗಂಟಲು ಒಂದು, ಜನಾಂಗ ಮೂರು! ಸ್ವರದಲ್ಲಿ ಅರೆಬರೆ ಕೇಳಿಸುವ ಜನಾಂಗ ‘ಹಲೋ’ದಲ್ಲಿ ಎದ್ದು ಕೇಳಿಸುತ್ತದೆ ಎಂದಮೇಲೆ ಅದು ಮುಖ್ಯವಾಗಿ ಮಾತಿನಲ್ಲಿದೆ ಎಂದೇ ಆಯಿತು. ಇನ್ನು ಮುಪ್ಪಿನ ಮಾತು. ಎಲುಬು ಗಟ್ಟಿಯಾಗುವುದು, ತಂತು ಸೊರಗುವುದು, ಉಸಿರು ಕುಗ್ಗುವುದು ಯಾವ ಬಣ್ಣದ ಚರ್ಮವನ್ನೂ ಬಿಡುವುದಿಲ್ಲ. ಗಂಟಲುಗಳ ಅಳತೆಯಲ್ಲಿ ಗುಂಪು ಗುಂಪಿಗೆ ಇರುವ ಸಣ್ಣ ಸರಾಸರಿ ವ್ಯತ್ಯಾಸ, ಒಂದೇ ಮನೆಯ ಅಣ್ಣತಮ್ಮಂದಿರ ನಡುವೆ ಇರಬಹುದಾದ ವ್ಯತ್ಯಾಸದ ಮುಂದೆ ಸಪ್ಪೆ.

ಹಾಗಾದರೆ ಬೇರೆಯವರ ವಯಸ್ಸನ್ನು ಕೇಳುವಾಗ ತಪ್ಪು ಯಾವ ದಿಕ್ಕಿಗೆ ಬೀಳುತ್ತದೆ? ಇದು ಈ ವಿಷಯದ ನಡುಗಂಬ. ಹಲವು ಪ್ರಯೋಗಗಳಲ್ಲಿ ಕಾಣುವ ಒಂದು ಒಲವಿದೆ: ಎಳೆಯರ ವಯಸ್ಸನ್ನು ಕೇಳುಗರು ಹೆಚ್ಚಾಗಿ ಊಹಿಸುತ್ತಾರೆ, ಮುದುಕರ ವಯಸ್ಸನ್ನು ಕಡಿಮೆ ಊಹಿಸುತ್ತಾರೆ. ಖಾತ್ರಿಯಿಲ್ಲದ ಮನಸ್ಸು ನಡುವಿಗೆ ಸರಿದು ನಿಲ್ಲುತ್ತದೆ; ಎತ್ತರ ಗೊತ್ತಿಲ್ಲದವನಿಗೆ ಅಂಗಿ ಹೊಲಿಯುವ ದರ್ಜಿ ಮಧ್ಯಮ ಅಳತೆ ಹಿಡಿಯುವ ಹಾಗೆ. ಖಾತ್ರಿ ಕಡಿಮೆಯಾದಷ್ಟೂ ನಡುವಿನ ಸೆಳೆತ ಹೆಚ್ಚು. ಪರಿಚಿತವಲ್ಲದ ಧಾಟಿಯಲ್ಲಿ ರೂಢಿಯ ಗುರುತುಗಳನ್ನು ಓದಲು ಬರುವುದಿಲ್ಲ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕ್ಯೋಕೊ ನಾಗಾವೊ ಜಪಾನೀಯರಿಗೂ ಅಮೆರಿಕನ್ನರಿಗೂ ಎರಡೂ ಭಾಷೆಗಳನ್ನು ಕೇಳಿಸಿ ನಡೆಸಿದ ಅಧ್ಯಯನ ಹೇಳಿದ್ದೂ ಇದನ್ನೇ: ತಮ್ಮ ಭಾಷೆಯಲ್ಲಿ ಅಂದಾಜು ಹೆಚ್ಚು ಸರಿ, ಪರಭಾಷೆಯಲ್ಲಿ ಕಡಿಮೆ ಸರಿ. ಈ ಎರಡನ್ನೂ ಕೂಡಿಸಿ ನಾನು ತೆಗೆಯುವ ತೀರ್ಮಾನ ಇದು: ಅಪರಿಚಿತ ಸಮುದಾಯದ ದನಿಗಳಲ್ಲಿ ಎಳೆಯರು ಮತ್ತಷ್ಟು ದೊಡ್ಡವರಾಗಿ, ಮುದುಕರು ಮತ್ತಷ್ಟು ಚಿಕ್ಕವರಾಗಿ ಕೇಳಿಸಬೇಕು. ಕಾಗದದ ಮೇಲೆ ಎರಡೂ ತಪ್ಪು ಸಮಸಮ. ಬೀದಿಯಲ್ಲಿ ಸಮವಲ್ಲ. ಎಪ್ಪತ್ತರ ಅಜ್ಜನನ್ನು ಅರವತ್ತು ಎಂದರೆ ಅವರು ನಕ್ಕಾರು. ಹದಿನಾಲ್ಕರ ಹುಡುಗನನ್ನು ಇಪ್ಪತ್ತನಾಲ್ಕು ಎಂದರೆ ಅವನಿಗೆ ಮಗುವೆಂದು ಸಿಗಬೇಕಾದ ಮಾಫಿ ತಪ್ಪಿಹೋಗುತ್ತದೆ.

ಇದನ್ನು ಪೂರ್ವಗ್ರಹವೆನ್ನಬೇಡಿ, ಬರೀ ಅಭ್ಯಾಸದ ಕೊರತೆ ಅನ್ನಿ ಎಂಬುದು ಎರಡನೆಯ ಆಕ್ಷೇಪಣೆ. ನಾಲ್ಕು ದಿನ ಒಡನಾಡಿದರೆ ಕಿವಿ ಕಲಿಯುತ್ತದೆ, ದೂರದೂರಿಗೆ ಸೊಸೆಯಾಗಿ ಹೋದವಳು ವರ್ಷದೊಳಗೆ ಅಲ್ಲಿನ ರಾಗ ಹಿಡಿಯುವುದಿಲ್ಲವೇ ಎನ್ನಬಹುದು. ಅರ್ಧ ಒಪ್ಪುತ್ತೇನೆ. ಅಭ್ಯಾಸ ಕೊರತೆಯನ್ನು ತುಂಬುತ್ತದೆ. ಆದರೆ ಅಭ್ಯಾಸವೊಂದೇ ಎನ್ನಲು ಅಡ್ಡಿಯಾಗುವ ಪ್ರಯೋಗಗಳಿವೆ. 1992ರಲ್ಲಿ ಡೊನಾಲ್ಡ್ ರೂಬಿನ್ ಜಾರ್ಜಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಅಮೆರಿಕದಲ್ಲೇ ಹುಟ್ಟಿ ಬೆಳೆದ ಒಬ್ಬ ಹೆಂಗಸಿನ ಉಪನ್ಯಾಸದ ಮುದ್ರಿಕೆಯನ್ನು ಕೇಳಿಸಿದರು. ಕೆಲವರಿಗೆ ಬಿಳಿಯ ಹೆಂಗಸಿನ ಫೋಟೊ, ಕೆಲವರಿಗೆ ಚೀನೀ ಚಹರೆಯ ಹೆಂಗಸಿನ ಫೋಟೊ ತೋರಿಸಿದರು. ದನಿ ಅದೇ. ಚೀನೀ ಮುಖ ಕಂಡವರಿಗೆ ಇಲ್ಲದ ಪರದೇಶದ ಉಚ್ಚಾರಣೆ ಕೇಳಿಸಿತು, ಪಾಠವೂ ಕಡಿಮೆ ತಲೆಗೆ ಹತ್ತಿತು. ನ್ಯಾಯವಾಗಿ ಹೇಳಬೇಕೆಂದರೆ ಇದಕ್ಕೆ ಇನ್ನೊಂದು ಮುಖವೂ ಇದೆ: 2015ರಲ್ಲಿ ಕೆವಿನ್ ಮೆಕ್‌ಗೋವನ್ ನಿಜವಾದ ಚೀನೀ ಧಾಟಿಯ ಇಂಗ್ಲಿಷನ್ನು ಗದ್ದಲದ ನಡುವೆ ಕೇಳಿಸಿದಾಗ, ಚೀನೀ ಮುಖ ಕಂಡವರಿಗೇ ಅದು ಹೆಚ್ಚು ಅರ್ಥವಾಯಿತು. ನಿರೀಕ್ಷೆ ಕಿವಿಯನ್ನು ಕೆಡಿಸುವುದೂ ಉಂಟು, ತಿದ್ದುವುದೂ ಉಂಟು. ಏನಾದರೂ ಇರಲಿ, ಕಿವಿ ದನಿಯನ್ನಷ್ಟೇ ಕೇಳುವುದಿಲ್ಲ, ಮಾತಾಡುವವರು ಯಾರೆಂದು ತಾನು ತಿಳಿದಿದೆಯೋ ಅವರನ್ನು ಕೇಳುತ್ತದೆ. ಇನ್ನು ಆ ತಿಳಿವಳಿಕೆಯಲ್ಲೇ ವಯಸ್ಸು ಬೆರೆತಿದ್ದರೆ? 2014ರಲ್ಲಿ ಫಿಲಿಪ್ ಅಟೀಬಾ ಗಾಫ್ ಮತ್ತು ಸಂಗಡಿಗರು ಹುಡುಗರ ಫೋಟೊಗಳನ್ನು ತೋರಿಸಿ ನಡೆಸಿದ ಪರೀಕ್ಷೆಯಲ್ಲಿ, ಗಂಭೀರ ಅಪರಾಧದ ಶಂಕಿತರೆಂದು ಹೇಳಿದ ಆಫ್ರಿಕನ್ ಅಮೆರಿಕನ್ ಹುಡುಗರನ್ನು ನೋಡಿದವರು ಇದ್ದದ್ದಕ್ಕಿಂತ ಸುಮಾರು ನಾಲ್ಕೂವರೆ ವರ್ಷ ದೊಡ್ಡವರೆಂದು ಅಂದಾಜು ಮಾಡಿದರು. ಅದು ಕಣ್ಣಿನ ತಪ್ಪು, ಕಿವಿಯದಲ್ಲ. ಆ ನಾಲ್ಕೂವರೆ ವರ್ಷವನ್ನು ದನಿಗೆ ಹಾಗೇ ಎತ್ತಿಟ್ಟರೆ ಅದು ಅಡ್ಡದಾರಿಯಾದೀತು. ಆದರೆ ‘ಹಲೋ’ ಒಂದರಿಂದಲೇ ಜನಾಂಗ ತಿಳಿಯುತ್ತದೆ, ತಿಳಿದ ಜನಾಂಗ ಕೇಳಿದ್ದನ್ನು ಬದಲಿಸುತ್ತದೆ ಎಂಬ ಎರಡು ಕೊಂಡಿಗಳು ಕೈಯಲ್ಲಿರುವಾಗ ಕಣ್ಣಿನ ತಪ್ಪು ಕಿವಿಗೆ ದಾಟುವುದಿಲ್ಲ ಎಂದು ಹೇಳುವವರೇ ಕಾರಣ ಕೊಡಬೇಕು.

ಈ ಎಲ್ಲ ಎಳೆಗಳೂ ಒಂದೇ ನ್ಯಾಯಾಲಯದಲ್ಲಿ ಗಂಟುಬಿದ್ದದ್ದುಂಟು. 2012ರ ಫೆಬ್ರವರಿ 26ರ ರಾತ್ರಿ ಫ್ಲಾರಿಡಾದ ಸ್ಯಾನ್‌ಫರ್ಡಿನಲ್ಲಿ 17 ವರ್ಷದ ಆಫ್ರಿಕನ್ ಅಮೆರಿಕನ್ ಹುಡುಗ ಟ್ರೇವನ್ ಮಾರ್ಟಿನ್ ಗುಂಡೇಟಿನಿಂದ ಸತ್ತ. ಹೊಡೆದವನು ಬಡಾವಣೆಯ ಕಾವಲಿನ ಸ್ವಯಂಸೇವಕ, 28 ವರ್ಷದ ಜಾರ್ಜ್ ಜಿಮರ್‌ಮನ್. ನೆರೆಯವರೊಬ್ಬರು ತುರ್ತು ಸಂಖ್ಯೆಗೆ ಮಾಡಿದ ಫೋನಿನಲ್ಲಿ, ಹಿನ್ನೆಲೆಯಲ್ಲಿ ಯಾರೋ ಕಿರಿಚಿಕೊಳ್ಳುವುದು ಮುದ್ರಣವಾಗಿತ್ತು. ಆ ಕೂಗು ಯಾರದು? ಕೂಗಿದವನು ಹುಡುಗನಾದರೆ ಕಥೆ ಒಂದು, ಗಂಡಸಾದರೆ ಇನ್ನೊಂದು. ಪ್ರಾಸಿಕ್ಯೂಷನ್ ಕಡೆಯ ತಜ್ಞರು ಅದು ಎಳೆಯ ದನಿ, ಜಿಮರ್‌ಮನ್ನನದಲ್ಲ ಎಂದರು. ಎಫ್‌ಬಿಐನ ಧ್ವನಿವಿಜ್ಞಾನಿ ಹಿರೋತಕ ನಕಸೋನೆ, ಅಷ್ಟು ಚೂರುಪಾರು ಕೂಗಿನಿಂದ ಅಂಥ ತೀರ್ಮಾನ ಸಾಧ್ಯವಿಲ್ಲ ಎಂದರು. ತಜ್ಞರ ವಿಧಾನ ವಿಜ್ಞಾನವಲಯದಲ್ಲಿ ಒಪ್ಪಿತವಾದದ್ದಲ್ಲವೆಂದು ನ್ಯಾಯಾಧೀಶೆ ಡೆಬ್ರಾ ನೆಲ್ಸನ್ 2013ರ ಜೂನ್‌ನಲ್ಲಿ ಆ ಸಾಕ್ಷ್ಯವನ್ನು ತಳ್ಳಿಹಾಕಿದರು. ಅವರು ಮಾಡಿದ್ದು ಸರಿ ಎಂದು ನನ್ನ ಅಭಿಪ್ರಾಯ. ಪ್ರಾಣಭಯದ ಕೂಗಿನಲ್ಲಿ ತಂತುಗಳು ಬಿಗಿದು ಶ್ರುತಿ ಮಿತಿಮೀರಿ ಏರುವುದರಿಂದ ಮೈಯ ಗುರುತು ಅಳಿಸಿಹೋಗುತ್ತದೆ; ಮಾತೇ ಇಲ್ಲದ್ದರಿಂದ ರೂಢಿಯ ಗುರುತೂ ಇರುವುದಿಲ್ಲ. ಉಳಿಯುವುದು ಕೇಳುಗನ ನಿರೀಕ್ಷೆ ಮಾತ್ರ. ಅದು ಹೇಗೆ ಕೆಲಸ ಮಾಡುತ್ತದೆಂಬುದು ವಿಚಾರಣೆಯ ವೇಳೆ ಕಂಡಿತು: ಟ್ರೇವನ್ನನ ತಾಯಿ ಸಾಕ್ಷಿಕಟ್ಟೆಯಲ್ಲಿ ನಿಂತು ಅದು ನನ್ನ ಮಗನ ಕೂಗು ಎಂದರು, ಜಿಮರ್‌ಮನ್ನನ ತಾಯಿ ಅದೇ ಕಟ್ಟೆಯಲ್ಲಿ ನಿಂತು ಅದು ನನ್ನ ಮಗನ ಕೂಗು ಎಂದರು. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಬೇಕಾಗಿಲ್ಲ. ಜುಲೈನಲ್ಲಿ ಆರೋಪಿ ಬಿಡುಗಡೆಯಾದ. ಅದೇ ವಿಚಾರಣೆಯಲ್ಲಿ, ಟ್ರೇವನ್ನನ ಕೊನೆಯ ನಿಮಿಷಗಳಲ್ಲಿ ಅವನೊಂದಿಗೆ ಫೋನಿನಲ್ಲಿದ್ದ 19ರ ರೇಚಲ್ ಜಾಂಟೆಲ್ ಗಂಟೆಗಟ್ಟಲೆ ಸಾಕ್ಷಿ ನುಡಿದಳು. ಅವಳ ಆಫ್ರಿಕನ್ ಅಮೆರಿಕನ್ ಇಂಗ್ಲಿಷ್ ಜ್ಯೂರಿಗೆ ಅರ್ಥವೂ ಆಗಲಿಲ್ಲ, ನಂಬಿಕೆಯನ್ನೂ ಹುಟ್ಟಿಸಲಿಲ್ಲ ಎಂದು ಜಾನ್ ರಿಕ್‌ಫರ್ಡ್ ಮತ್ತು ಶರೀಸ್ ಕಿಂಗ್ 2016ರಲ್ಲಿ ವಿವರವಾಗಿ ತೋರಿಸಿದರು. ಮಾತನ್ನೇ ಹಿಡಿಯಲಾಗದ ಕಿವಿಗೆ ಅದರೊಳಗಿನ ವಯಸ್ಸು ಎಲ್ಲಿ ದಕ್ಕೀತು?

ಮನುಷ್ಯನ ಕಿವಿಗೆ ಪಕ್ಷಪಾತ ಇದ್ದರೆ ಯಂತ್ರಕ್ಕೆ ಬಿಡೋಣ ಎನ್ನುವವರಿಗೆ ಉತ್ತರ ಚಿಕ್ಕದು. ಯಂತ್ರ ಕಲಿಯುವುದೂ ದನಿಗಳಿಂದಲೇ, ಯಾರ ದನಿಗಳು ಹೆಚ್ಚು ಸಿಕ್ಕವೋ ಅವರಿಂದಲೇ. 2020ರಲ್ಲಿ ಅಮೆರಿಕದ ಐದು ದೊಡ್ಡ ಕಂಪನಿಗಳ ಮಾತು ಗುರುತಿಸುವ ವ್ಯವಸ್ಥೆಗಳನ್ನು ಸ್ಟ್ಯಾನ್‌ಫರ್ಡಿನ ಸಂಶೋಧಕರು ಪರೀಕ್ಷಿಸಿದಾಗ, ಬಿಳಿಯರ ನೂರು ಪದಗಳಲ್ಲಿ ಸರಾಸರಿ 19 ತಪ್ಪಿದರೆ ಆಫ್ರಿಕನ್ ಅಮೆರಿಕನ್ನರ ನೂರರಲ್ಲಿ 35 ತಪ್ಪಿದವು. ಪದಕ್ಕೇ ಈ ಗತಿಯಾದರೆ ವಯಸ್ಸಿನ ವಿಷಯದಲ್ಲಿ ಯಂತ್ರ ನಿರ್ಲಿಪ್ತ ಸನ್ಯಾಸಿಯಾಗಿರುತ್ತದೆ ಎಂದು ನಂಬಲು ಆಧಾರ ಬೇಕು.

ಇಷ್ಟರ ಮೇಲೂ ಕಟ್ಟಾ ವಾದಿಯೊಬ್ಬರು ಹೇಳಬಹುದು: ಅಮೆರಿಕದಲ್ಲಿ ಜನಾಂಗವೂ ಧಾಟಿಯೂ ಒಂದಕ್ಕೊಂದು ಹೆಣೆದುಕೊಂಡಿವೆ, ತಪ್ಪು ಗಂಟಲಿನದೋ ಧಾಟಿಯದೋ ಎಂದು ಬಿಡಿಸಿ ಹೇಳಲು ನಿಮ್ಮಲ್ಲಿ ಏನಿದೆ? ಬಿಡಿಸುವ ಅನುಕೂಲ ಇರುವುದು ನಮ್ಮ ಉತ್ತರ ಕನ್ನಡದಲ್ಲಿ. ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲೆಯ ಕಾಡಂಚಿನಲ್ಲಿರುವ ಸಿದ್ದಿಯರ ಹಿರೀಕರು ಪೂರ್ವ ಆಫ್ರಿಕಾದಿಂದ ಬಂದವರು. ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟ ಸೇರಿದವರೂ ಅವರಲ್ಲಿದ್ದರು. ಮನೆಯಲ್ಲಿ ಅವರಾಡುವುದು ತಮ್ಮದೇ ಧಾಟಿಯ ಕೊಂಕಣಿ ಅಥವಾ ಉರ್ದು, ಪೇಟೆಯಲ್ಲಿ ಶಾಲೆಯಲ್ಲಿ ಕನ್ನಡ. ಮೈಯ ಮೂಲ ಆಫ್ರಿಕಾದ್ದು, ಮಾತಿನ ರೂಢಿ ಯಲ್ಲಾಪುರದ್ದು. ಹದಿನೈದರಿಂದ ಎಂಬತ್ತರವರೆಗಿನ ಸಿದ್ದಿಯರ ಕನ್ನಡವನ್ನೂ, ಅದೇ ಊರುಗಳ ಅದೇ ವಯಸ್ಸಿನ ಬೇರೆಯವರ ಕನ್ನಡವನ್ನೂ ಮುದ್ರಿಸಿಕೊಂಡು, ಒಮ್ಮೆ ನೆಟ್ಟಗೆ, ಒಮ್ಮೆ ಹಿಂದುಮುಂದಾಗಿ, ಒಮ್ಮೆ ಬರೀ ‘ಆ’ಕಾರವಾಗಿ ಕೇಳಿಸಬೇಕು. ಯಲ್ಲಾಪುರದ ಕಿವಿಗಳಿಗೂ ಕೇಳಿಸಬೇಕು, ಚಾಮರಾಜನಗರದ ಕಿವಿಗಳಿಗೂ ಕೇಳಿಸಬೇಕು. ಮಾತಾಡಿದವರು ಯಾರೆಂದು ಅರ್ಧ ಕೇಳುಗರಿಗೆ ಹೇಳಬೇಕು, ಇನ್ನರ್ಧಕ್ಕೆ ಹೇಳಬಾರದು. ನನ್ನ ವಾದ ಸರಿಯಾದರೆ, ಯಾರೆಂದು ಹೇಳದಿದ್ದಾಗ ಯಲ್ಲಾಪುರದ ಕೇಳುಗರು ಸಿದ್ದಿ ಹುಡುಗನ ವಯಸ್ಸನ್ನು ಪಕ್ಕದ ಮನೆಯ ಹವ್ಯಕ ಹುಡುಗನ ವಯಸ್ಸಿನಷ್ಟೇ ಸರಿಯಾಗಿ ಹೇಳಬೇಕು. ಚಾಮರಾಜನಗರದವರು ಇಬ್ಬರ ವಿಷಯದಲ್ಲೂ ಒಂದೇ ಸಮನೆ ಎಡವಬೇಕು. ಇಬ್ಬರ ನಡುವೆ ಏನಾದರೂ ಅಂತರ ಕಂಡರೆ ಅದು ಯಾರೆಂದು ಹೇಳಿದ ಮೇಲಷ್ಟೇ ಕಾಣಬೇಕು. ಹಾಗಾಗದೆ, ಯಾರೆಂದು ತಿಳಿಯದ ಯಲ್ಲಾಪುರದ ಕಿವಿಯೂ ಸಿದ್ದಿಯರ ‘ಆ’ಕಾರದಲ್ಲಿ ಇಲ್ಲದ ವರ್ಷಗಳನ್ನು ಕೇಳಿಸಿಕೊಂಡರೆ, ಗಂಟಲೇ ಕಾರಣವೆಂದವರ ಮಾತು ಗೆದ್ದಂತೆ, ಈ ಇಪ್ಪತ್ತು ನಿಮಿಷದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.